ಮಳೆಗಾಲದ ಗಂಜಿ, ಬೇಸಿಗೆಯ ಅಪ್ಪೆಹುಳಿ

ಕುಮಟಾ, ಹೊನ್ನಾವರ, ಭಟ್ಕಳ ಸೀಮೆಯ ಮನೆಯೂಟಕ್ಕೆ ಬುಡ ಕುಚ್ಚಲಕ್ಕಿ ಗಂಜಿ. ಮನೆಮಾತು ಯಾವುದೇ ಇರಲಿ, ಈಗ ಅರುವತ್ತು ದಾಟಿದ ಇಲ್ಲಿನವರನ್ನು ಎಳವೆಯ ಊಟದ ಬಗ್ಗೆ ಕೇಳಿದರೆ ಹಬ್ಬದ ಹೋಳಿಗೆಗಿಂತ ಮೊದಲು ಬಾಯಿಗೆ ಬರುವುದು ಗಂಜಿಯೇ. ಕೊಂಕಣಿ ಮನೆಗಳಲ್ಲಿ ಅದು ಪೇಜ. ಭತ್ತವನ್ನು ನೆನೆಸಿ, ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಕುಟ್ಟಿ ತೆಗೆದ ಅಕ್ಕಿ ಇದು. ಕೆಂಪು ತೌಡು ಪೂರ್ತಿ ಹೋಗಿರುವುದಿಲ್ಲ. ಬೇಯಲು ಬೆಳ್ತಿಗೆ ಅಕ್ಕಿಗಿಂತ ಬಹಳ ಹೆಚ್ಚು ಹೊತ್ತು ಬೇಕು. ಆದರೆ ಆ ಹೊತ್ತು ಯಾರದೂ ಅಲ್ಲ: ಒಲೆಯ ಮೇಲಿಟ್ಟು ಕಟ್ಟಿಗೆ ಹಿಂದಕ್ಕೆ ಎಳೆದರೆ ಕೆಂಡದ ಕಾವಿನಲ್ಲಿ ಅದರಷ್ಟಕ್ಕೆ ಬೇಯುತ್ತದೆ, ತಳ ಹಿಡಿಯುವ ಭಯ ಕಡಿಮೆ. ಮನೆಯವರು ತೋಟ, ಗದ್ದೆ, ಕೊಟ್ಟಿಗೆಯ ಕೆಲಸ ಮುಗಿಸಿ ಬರುವಾಗ ಅಗುಳು ಒಡೆದು ತೆಳಿ ಮಂದವಾಗಿರುತ್ತಿತ್ತು. ಉಪ್ಪು, ಒಂದು ಮಾವಿನ ಮಿಡಿ, ಸುಟ್ಟ ಹಪ್ಪಳ ಅಥವಾ ಕೆಂಡದಲ್ಲಿ ಸುಟ್ಟ ಒಣಮೀನು. ಅಷ್ಟಾದರೆ ಊಟ ಆಯಿತು.

ಈ ಸೀಮೆಯ ದಿನದ ಅಡುಗೆಯಲ್ಲಿ ಎದ್ದು ಕಾಣುವ ಗುಣ ಒಂದಿದೆ: ಇಲ್ಲಿನ ಬಹುಪಾಲು ಪದಾರ್ಥಗಳು ನೀರು ತಾಳುತ್ತವೆ. ಗಂಜಿ, ತಂಬುಳಿ, ಅಪ್ಪೆಹುಳಿ, ದಾಳಿತೊಯ್, ಮೀನಿನ ಸಾರು, ಯಾವುದನ್ನೂ ಇನ್ನೊಂದು ಚೊಂಬು ನೀರು, ಒಂದು ಹರಳು ಉಪ್ಪು ಹಾಕಿ ಇಬ್ಬರಿಗೆ ಹೆಚ್ಚು ಬಡಿಸಬಹುದು. ಬಸ್ಸು ತಪ್ಪಿದ ನೆಂಟರು, ಕೊಯ್ಲಿಗೆ ಬಂದ ಆಳು, ಯಕ್ಷಗಾನದ ಆಟ ನೋಡಲು ಹೊರಟ ನೆರೆಯವರು, ಇವರಲ್ಲಿ ಎಷ್ಟು ಜನ ಊಟಕ್ಕೆ ನಿಲ್ಲುತ್ತಾರೆ ಎಂದು ಮೊದಲೇ ಗೊತ್ತಿಲ್ಲದ ಮನೆಗಳಲ್ಲಿ ಹುಟ್ಟಿದ ಅಡುಗೆ ಇದು. ಕರಾವಳಿಯ ಊಟವೆಂದರೆ ಮಸಾಲೆ ಮೆತ್ತಿ ಹುರಿದ ಮೀನು ಎನ್ನುವ ಹೆದ್ದಾರಿ ಹೋಟೆಲುಗಳ ಕಲ್ಪನೆಗೂ ಈ ನೀರುನೀರಾದ ಮನೆಯೂಟಕ್ಕೂ ಸಂಬಂಧ ಕಡಿಮೆ.

ಅನ್ನದ ಪ್ರಾಬಲ್ಯಕ್ಕೆ ಹಳೆಯ ಸಾಕ್ಷಿಯೊಂದಿದೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಊರನ್ನು ಹಿನೌರ್ ಎಂದು ಕರೆಯುತ್ತಾನೆ. ಇಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡದ್ದನ್ನು ಬಡಿಸಿದ ಕ್ರಮದಲ್ಲೇ ವರ್ಣಿಸುತ್ತಾನೆ. ಮೊದಲು ಒಂದು ಸೌಟು ಅನ್ನ, ಮೇಲೆ ತುಪ್ಪ. ಪಕ್ಕಕ್ಕೆ ಉಪ್ಪಿನಲ್ಲಿ ಹಾಕಿದ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. ಒಂದು ತುತ್ತು ಅನ್ನ, ಹಿಂದೆಯೇ ಒಂದು ಚೂರು ಉಪ್ಪಿನಕಾಯಿ. ಆಮೇಲೆ ಮತ್ತೆ ಅನ್ನ, ಕೋಳಿ. ಮತ್ತೆ ಅನ್ನ, ಮೀನು. ತುಪ್ಪದಲ್ಲಿ ಬೆಂದ ತರಕಾರಿ. ಕೊನೆಗೆ ಮೊಸರಿನ ಬಗೆಯದೊಂದು. ಅದು ಬಂದರೆ ಊಟ ಮುಗಿಯಿತೆಂದು ತಿಳಿಯಬೇಕು. ಮೇಲೆ ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಆಗದು ಎಂಬ ಕಾರಣಕ್ಕೆ. ಇನ್ನೊಮ್ಮೆ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯನ್ನೇ ಕಾಣದೆ ಅನ್ನದಲ್ಲೇ ಕಳೆದೆನೆಂದು ಗೋಧಿ ತಿಂದು ಬೆಳೆದ ಆ ಮನುಷ್ಯ ಬರೆದಿದ್ದಾನೆ. ಸುಲ್ತಾನನ ಮನೆಯ ಕೋಳಿಯನ್ನು ಬದಿಗಿಟ್ಟರೆ, ಉಪ್ಪಿನಕಾಯಿಯಿಂದ ತೊಡಗಿ ಮಜ್ಜಿಗೆಯಲ್ಲಿ ಮುಗಿಯುವ ಈ ಕ್ರಮ ಇಂದಿಗೂ ಈ ಮೂರು ತಾಲೂಕುಗಳ ಎಲೆಗಳ ಮೇಲೆ ಕಾಣುತ್ತದೆ. ಹಸಿ ಕಾಳುಮೆಣಸಿನ ಉಪ್ಪಿನಕಾಯಿಯೂ ಉಳಿದಿದೆ. ಕೆಂಪು ಮೆಣಸು ಮಾತ್ರ ಅವನ ಊಟದಲ್ಲಿ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ಅದು ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಮುಂದೆ ಕುಮಟಾ ಧಾರವಾಡ ಸೀಮೆಯ ಹತ್ತಿಯ ಬಂದರಾಗಿ ಬೆಳೆದಾಗ ಘಟ್ಟದ ಮೇಲಿನ ಸರಕು ಗಾಡಿಗಳಲ್ಲಿ ಕೆಳಗೆ ಇಳಿಯತೊಡಗಿತು. ಮನೆಯ ಹಿತ್ತಿಲಲ್ಲಿ ಬಹಳಷ್ಟು ಬೆಳೆಯುವ ಊರಿನಲ್ಲಿ ಸಾರಿನ ಬಣ್ಣಕ್ಕೆ ಬೇಕಾದ ಬ್ಯಾಡಗಿ ಮೆಣಸು ಇಂದಿಗೂ ಘಟ್ಟದ ಮೇಲಿನಿಂದಲೇ ಬರಬೇಕು.

ಅಕ್ಕಿ, ಉಪ್ಪು, ಈರುಳ್ಳಿ ಮೂರೂ ಕುಮಟಾ ತಾಲೂಕಿನ ಸ್ವಂತದವು. ಅಘನಾಶಿನಿ ಸಮುದ್ರ ಸೇರುವಲ್ಲಿ ಉಬ್ಬರದ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪು ತಾಳುವ, ನೆರೆಯಲ್ಲಿ ಕೆಲದಿನ ಮುಳುಗಿದರೂ ಸಾಯದ ತಳಿ. ಗೊಬ್ಬರ ಹಾಕುವ ಪದ್ಧತಿ ಇಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಶೆಟ್ಲಿ (ಸಿಗಡಿ), ಮೀನು. ಹೀಗೆ ಗಂಜಿಯೂ ಗಂಜಿಯ ಜೊತೆಯ ಚಟ್ನಿಯೂ ಒಂದೇ ನೆಲದಲ್ಲಿ ಹುಟ್ಟುತ್ತಿದ್ದವು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರಗಳಿಂದ ಬರುವ ದಪ್ಪ ಹರಳುಪ್ಪು ಮಿಡಿ ಉಪ್ಪಿನಕಾಯಿಗೆ, ಹಲಸಿನ ತೊಳೆ ಉಪ್ಪಿಗೆ ಹಾಕಲು, ಮೀನು ಒಣಗಿಸಲು ಬೇಕೇ ಬೇಕು. ಪುಡಿ ಉಪ್ಪಿನಲ್ಲಿ ಹಾಕಿದ ಮಿಡಿ ಬಾಳಿಕೆ ಬರುವುದಿಲ್ಲ ಎಂದು ಹಿರಿಯ ಹೆಂಗಸರು ಈಗಲೂ ಹಟ ಹಿಡಿಯುತ್ತಾರೆ. ಅಳ್ವೇಕೋಡಿ, ಹಂದಿಗೋಣ, ವನ್ನಳ್ಳಿ ಕಡೆಯ ಸಿಹಿ ಈರುಳ್ಳಿ ಬೇಸಿಗೆಯಲ್ಲಿ ಜಡೆ ಹೆಣೆದು ಹೆದ್ದಾರಿಯ ಬದಿಯಲ್ಲಿ ಮಾರಾಟಕ್ಕೆ ಬರುತ್ತದೆ. ಮಳೆ ಹಿಡಿಯುವ ಮೊದಲೇ ಕೊಂಡು ಒಲೆಯ ಹೊಗೆ ತಾಗುವ ಜಂತಿಗೆ ಕಟ್ಟಿದರೆ ತಿಂಗಳುಗಟ್ಟಲೆ ಇರುತ್ತದೆ. ಗಂಜಿಗೆ ಇದನ್ನು ಹಸಿಯಾಗಿಯೇ ಕಚ್ಚುವುದು. ಕಣ್ಣಲ್ಲಿ ನೀರು ಬರಿಸದ ಈರುಳ್ಳಿ, ಮಕ್ಕಳೂ ತಿನ್ನುತ್ತವೆ.

ಮಧ್ಯಾಹ್ನದ ಅನ್ನಕ್ಕೆ ಹವ್ಯಕರ ಮನೆಗಳಲ್ಲಿ ಮೊದಲು ಬರುವುದು ತಂಬುಳಿ. ಒಂದು ಹಿಡಿ ಒಂದೆಲಗ ಅಥವಾ ನಾಲ್ಕಾರು ದೊಡ್ಡಪತ್ರೆ ಎಲೆ, ತುಪ್ಪದಲ್ಲಿ ಹುರಿದ ಒಂದು ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಹಿಡಿ ಕಾಯಿತುರಿ. ಇವನ್ನು ನುಣ್ಣಗೆ ಅರೆದು ಎರಡು ಮೂರು ಲೋಟ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ, ಸಾಸಿವೆ ಮತ್ತು ಒಣಮೆಣಸಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಜೀರಿಗೆ ಹುರಿಯುವುದು, ಒಗ್ಗರಣೆಯ ಸಟ್ಟುಗ ಬಿಟ್ಟರೆ ಬೆಂಕಿಯ ಕೆಲಸವಿಲ್ಲ. ತಂಬುಳಿಯನ್ನು ಕುದಿಸಿದರೆ ಅದು ಕೆಟ್ಟಂತೆಯೇ. ಜ್ವರ ಬಿಟ್ಟವರಿಗೆ, ಬಾಯಿಹುಣ್ಣಾದವರಿಗೆ, ಬಾಣಂತಿಗೆ, ಹಬ್ಬದ ಮಾರನೆಯ ದಿನ ಹೊಟ್ಟೆ ಭಾರವಾದವರಿಗೆ ಬೇರೆ ಬೇರೆ ಎಲೆ, ಬೇರೆ ಬೇರೆ ಬೇರು. ದಾಳಿಂಬೆ ಸಿಪ್ಪೆ, ನೆಲ್ಲಿಕಾಯಿ, ಮೆಂತೆ, ಶುಂಠಿ ಯಾವುದೂ ಆಗುತ್ತದೆ. ಮನೆಮದ್ದು ಎಲ್ಲಿ ಮುಗಿದು ಊಟ ಎಲ್ಲಿ ಶುರುವಾಯಿತು ಎಂದು ತಂಬುಳಿಯ ವಿಷಯದಲ್ಲಿ ಹೇಳಲಾಗದು.

ಅಪ್ಪೆಹುಳಿ ಇನ್ನೂ ಸುಲಭ. ಪರಿಮಳದ ಸೊನೆಯ ಅಪ್ಪೆಮಾವು ಘಟ್ಟದ ಹೊಳೆಬದಿಯ ಮರಗಳದ್ದು. ಬೇಸಿಗೆಯಲ್ಲಿ ಒಂದೆರಡು ಕಾಯಿ ಬೇಯಿಸಿ, ಕಿವುಚಿ, ಒಂದು ತಪ್ಪಲೆ ನೀರಿಗೆ ಬಿಡುವುದು; ಉಪ್ಪು, ಚೂರು ಬೆಲ್ಲ, ಜಜ್ಜಿದ ಸೂಜಿಮೆಣಸು; ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ. ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಕುಡಿಯುವವರೇ ಹೆಚ್ಚು. ಉಂಡವರಿಗೆ ಚೆನ್ನಾಗಿ ನಿದ್ದೆ ಬರುತ್ತದೆ ಎಂಬ ಮಾತಿದೆ. ಮೇ ತಿಂಗಳ ಸೆಕೆಯಲ್ಲಿ ಎರಡು ಲೋಟ ಅಪ್ಪೆಹುಳಿ ಕುಡಿದು ಜಗಲಿಯಲ್ಲಿ ಒರಗಿದ ಯಾರಿಗಾದರೂ ನಿದ್ದೆ ಬರದೆ ಇನ್ನೇನು ಬಂದೀತು.

ಕೊಂಕಣಿ ಮಾತನಾಡುವ ಸಾರಸ್ವತರ ಮನೆಗಳಲ್ಲಿ ಈ ಸ್ಥಾನ ದಾಳಿತೊಯ್‌ಗೆ. ಭಟ್ಕಳ ತಾಲೂಕಿನ ಶಿರಾಲಿಯಲ್ಲಿ ಚಿತ್ರಾಪುರ ಮಠವಿದೆ. ಅಲ್ಲಿಂದ ಕುಮಟಾದವರೆಗೆ ಈ ಸಮಾಜದ ಮನೆಗಳು ಪೇಟೆಗಳಲ್ಲಿ ಹರಡಿಕೊಂಡಿದ್ದವು. ತೊಗರಿಬೇಳೆಯನ್ನು ಮೆತ್ತಗೆ ಬೇಯಿಸಿ ಕಡೆದು, ನೀರು ಬಿಟ್ಟು, ಸೀಳಿದ ಹಸಿಮೆಣಸು ಹಾಕಿ ಕುದಿಸಿ, ಇಂಗು, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಡುವುದಷ್ಟೇ. ಕಾಯಿ ಇಲ್ಲ, ಮಸಾಲೆ ಇಲ್ಲ, ಅರೆಯುವ ಕೆಲಸವಂತೂ ಇಲ್ಲವೇ ಇಲ್ಲ.

ಕರಾವಳಿಯ ಅಡುಗೆ ಸುಲಭ ಎನ್ನುವವರು ಒರಳುಕಲ್ಲನ್ನು ಮರೆತಿರುತ್ತಾರೆ. ಮಿಕ್ಸರ್ ಬರುವ ಮೊದಲು ಬಹುಪಾಲು ಹುಳಿ, ಸಾರು, ದೋಸೆಗೂ ಮುಂಚೆ ಮೆಟ್ಟುಗತ್ತಿಯಲ್ಲಿ ಕಾಯಿ ತುರಿಯುವುದು, ಆಮೇಲೆ ಕಲ್ಲಿನ ಮುಂದೆ ಕೂತು ಅರೆಯುವುದು ಇದ್ದೇ ಇತ್ತು. ಹತ್ತು ಹದಿನೈದು ಜನರ ಮನೆಯಲ್ಲಿ ಸೊಸೆಯ ಬೆಳಗು ಅಲ್ಲಿಗೇ ಹೋಗುತ್ತಿತ್ತು. ಮೀನಿನ ಸಾರಿನ ಕಾಯಿ ತರಿತರಿಯಾದರೆ ಅತ್ತೆಯ ಮುಖ ನೋಡಬೇಕು. ಹಾಗಾಗಿ ಅರೆಯದೆ ಮಾಡುವ ಪದಾರ್ಥಗಳೆಲ್ಲ ಈ ಹೆಂಗಸರೇ ತಮಗಾಗಿ ಕಂಡುಕೊಂಡ ಬಿಡುವು ಎನ್ನಬೇಕು. ದಾಳಿತೊಯ್, ಅಪ್ಪೆಹುಳಿ, ಸುಟ್ಟ ಬದನೆಯ ಗೊಜ್ಜು, ಮೊಸರಿನ ಹಶಿ, ಎಲ್ಲ ಆ ಸಾಲಿನವೇ. ಬಟಾಟೆ, ಈರುಳ್ಳಿ, ಮೆಣಸಿನ ಪುಡಿ, ಹುಣಸೆರಸದಲ್ಲಿ ಆಗಿಬಿಡುವ ಬಟಾಟೆ ಸೊಂಗವೂ ಅದೇ ಜಾತಿಯದು. ರುಚಿಗಾಗಿ ನೆನೆಯುವವರು ಈಗ ಇವನ್ನೇ ನೆನೆಯುತ್ತಾರೆ. ಅರೆದು ಅರೆದು ಮಾಡಿದ ಕಾಯಿರಸದ ಸರದಿ ಆಮೇಲೆ.

ಮೀನಿನ ಮನೆಗಳಲ್ಲಿ ದಿನದ ಸಾರು ಯಾವುದೆಂದು ತೀರ್ಮಾನಿಸುತ್ತಿದ್ದುದು ಬುಟ್ಟಿ ಹೊತ್ತು ಕೂಗುತ್ತ ಬರುವ ಹೆಂಗಸು. ಬಂಗಡೆ, ತಾರ್ಲೆ ಬಡವರ ಮೀನು ಎನಿಸಿಕೊಂಡರೂ ಸಾರಿಗೆ ಅವೇ ಸೈ. ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಅರಿಶಿನ ಅರೆದು ಕುದಿಸಿ, ಮೀನು ಬಿಟ್ಟು, ಕೊನೆಗೆ ಜಜ್ಜಿದ ನಾಲ್ಕು ಜುಮ್ಮನಕಾಯಿ ಹಾಕಿ ಮೇಲೆ ಹಸಿ ಕೊಬ್ಬರಿ ಎಣ್ಣೆ ಸುರಿದು ಮುಚ್ಚುವುದು. ಕೊಂಕಣಿಗರು ತೆಪ್ಪಲ ಎನ್ನುವ ಈ ಕಾಡುಕಾಯಿ ನಾಲಿಗೆಯನ್ನು ಜುಮ್ಮೆನಿಸುತ್ತದೆ, ಬಂಗಡೆಯ ನೀಸು ಅಡಗಿಸುತ್ತದೆ. ಹುಳಿಗೆ ಹುಣಸೆ ಒಂದೇ ಅಲ್ಲ: ಮುರುಗಲ ಸಿಪ್ಪೆ, ಒಣಗಿಸಿದ ವಾಟೆ, ಉಪ್ಪಾಗೆ, ಬಿಂಬಲಿ, ಅಮಟೆ, ಮಾವಿನಕಾಯಿ. ಯಾವ ಮೀನಿಗೆ ಯಾವ ಹುಳಿ ಎಂಬ ವಿಚಾರದಲ್ಲಿ ಎರಡು ಮನೆಗಳ ಅಭಿಪ್ರಾಯ ಕೂಡುವುದು ಕಷ್ಟ. ಮಿಕ್ಕ ಸಾರನ್ನು ಮಣ್ಣಿನ ಗಡಿಗೆಯಲ್ಲಿ ಬತ್ತಿಸಿ ಮಾರನೆಯ ಬೆಳಿಗ್ಗೆ ಗಂಜಿಗೆ ನಂಜಿಕೊಳ್ಳುವ ಸುಖದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿಗಿಳಿದು ಬೆಳಚು ಹೆಕ್ಕುವುದು ಸುತ್ತಲ ಊರುಗಳ ಹೆಂಗಸರ, ಗಂಡಸರ ಕಸುಬು. ತೊಳೆದು ಹಬೆಗಿಟ್ಟರೆ ಚಿಪ್ಪು ತಾನೇ ಬಾಯಿ ಬಿಡುತ್ತದೆ. ಕಾಯಿತುರಿ, ಈರುಳ್ಳಿ ಹಾಕಿ ಮಾಡಿದ ಪಲ್ಯದಲ್ಲಿ ಒಂದು ಬದಿಯ ಚಿಪ್ಪನ್ನು ಹಾಗೇ ಬಿಡುವ ರೂಢಿ ಕೊಂಕಣಿ ಮನೆಗಳದು. ತಿನ್ನುವವರು ಚಿಪ್ಪು ಹಿಡಿದು ಚೀಪಬೇಕು. ಚೀಪುತ್ತ ಕೂತರೆ ಮಾತೂ ಬೆಳೆಯುತ್ತದೆ, ಊಟ ಒಂದು ತಾಸಿಗೆ ಮುಗಿಯುವುದಿಲ್ಲ.

ಈಗ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಸರ್ಕಾರದ ನಿಷೇಧವಿದೆ. ಹಿಂದೆ ಆ ನಿಷೇಧವನ್ನು ಸಮುದ್ರವೇ ಹಾಕುತ್ತಿತ್ತು. ಹಾಗಾಗಿ ಮೇ ತಿಂಗಳೆಂದರೆ ಕೂಡಿಡುವ ತಿಂಗಳು. ಹೊನ್ನಾವರದ ಕಾಸರಕೋಡ ಟೊಂಕದಂಥ ಕಡೆ ಮರಳಿನ ಮೇಲೆ ಮೀನು ಒಣಗುತ್ತಿತ್ತು. ಮನೆಗಳ ಅಂಗಳದಲ್ಲಿ ಹಲಸಿನ ಹಪ್ಪಳ, ಮುರುಗಲ ಸಿಪ್ಪೆ, ವಾಟೆಹುಳಿ. ಮೊಗೆಕಾಯಿಗಳನ್ನು ಬಾಳೆನಾರಿನಲ್ಲಿ ಬಿಗಿದು ಅಟ್ಟದಡಿ ಸಾಲಾಗಿ ತೂಗುಹಾಕಿದರೆ ಮಳೆ ಮುಗಿಯುವವರೆಗೆ ಹುಳಿಗೂ ದೋಸೆಗೂ ಅವೇ. ಹಲಸಿನ ಬೇಳೆಗೆ ಕೆಮ್ಮಣ್ಣು ಸವರಿ ಇಡುತ್ತಿದ್ದರು. ಒಣಶೆಟ್ಲಿಯನ್ನು ಕೆಂಪಗೆ ಹುರಿದು, ಕಾಯಿ, ಸುಟ್ಟ ಒಣಮೆಣಸು, ಚೂರು ಹುಣಸೆಹಣ್ಣು, ಈರುಳ್ಳಿ ಸೇರಿಸಿ ಜಜ್ಜಿದ ಚಟ್ನಿ ಇದ್ದರೆ ಆಷಾಢದ ಗಂಜಿಗೆ ಬೇರೇನೂ ಬೇಡ.

ಮಳೆ ಬಿದ್ದ ಮೇಲೆ ಹಿತ್ತಿಲು ತಾನಾಗಿ ಕೊಡುವುದೂ ಇದೆ: ತಗತೆ ಸೊಪ್ಪು, ಕಳಲೆ, ಕೆಸು. ಕೆಸುವಿನ ಕರಕಲಿ ಈ ಸೀಮೆಯ ಮಳೆಗಾಲದ ಅಡುಗೆಗಳಲ್ಲೆಲ್ಲ ಗಟ್ಟಿಗ. ಎಳೆಯ ಎಲೆ, ದಂಟುಗಳನ್ನು ಹೆಚ್ಚಿ ಸೂಜಿಮೆಣಸು, ಉಪ್ಪು, ಧಾರಾಳ ಹುಳಿ ಹಾಕಿ ಮುದ್ದೆಯಾಗುವವರೆಗೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಡುವುದು. ಹುಳಿ ಕಡಿಮೆಯಾದರೆ ಗಂಟಲು ಕೆರೆಯುತ್ತದೆ; ಅದಕ್ಕೇ ಇದರಲ್ಲಿ ಹುಳಿ ರುಚಿಗಲ್ಲ, ಕಾವಲಿಗೆ. ಬಿಸಿ ಅನ್ನ, ಮೇಲೆ ಕೊಬ್ಬರಿ ಎಣ್ಣೆ, ಪಕ್ಕದಲ್ಲಿ ಒಂದು ಉಂಡೆ ಕರಕಲಿ. ಬೇಡ ಎಂದು ಮೂಗು ಮುರಿಯುತ್ತಿದ್ದ ಮಕ್ಕಳೇ ದೊಡ್ಡವರಾಗಿ ಬೆಂಗಳೂರಿನಿಂದ ಕರಕಲಿ ಮಾಡುವ ಬಗೆ ಕೇಳಿ ಫೋನು ಮಾಡುತ್ತಾರೆ. ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು. ಅಕ್ಕಿಹಿಟ್ಟು ಸವರಿ, ಕಾಯಿ-ಬೆಲ್ಲ ತುಂಬಿ, ಎಲೆ ಮಡಚಿ ಹಬೆಯಲ್ಲಿ ಬೇಯಿಸಿದ್ದು. ಸಾರಸ್ವತರ ಪಾತೋಳಿಯೂ ಅದೇ ಎಲೆಯಲ್ಲಿ ಬೇಯುತ್ತದೆ. ಭಟ್ಕಳದ ನವಾಯತ ಮುಸ್ಲಿಮರ ಅಡುಗೆಮನೆಯಲ್ಲೂ ಅರಿಶಿನ ಎಲೆಯ ಕಡುಬಿದೆ, ಪಂಚಮಿಯ ನೆವ ಮಾತ್ರ ಇಲ್ಲ.

ಸಂಜೆಯ, ಕೂಟದ ತಿಂಡಿ ಬೇರೆ ಲೆಕ್ಕ. ಹವ್ಯಕರ ಮನೆಗೆ ಬಂದವರು ಕಾಲು ತೊಳೆದು ಕೂರುವಷ್ಟರಲ್ಲಿ “ಆಸ್ರಿಗೆ ಎಂತ ಅಡ್ಡಿಲ್ಲೆ?” ಎಂಬ ಪ್ರಶ್ನೆ ಬರುತ್ತದೆ. ಮಜ್ಜಿಗೆ, ಮುರುಗಲ ಪಾನಕ, ಕೊತ್ತಂಬರಿ ಜೀರಿಗೆಯ ಕಷಾಯ, ಏನೂ ಆದೀತು. ಏನೂ ಬೇಡ ಎನ್ನುವುದು ಆಗದು. ಹಿಂದೆಯೇ ಕಲಸಿದ ಅವಲಕ್ಕಿ. ತೆಳು ಅವಲಕ್ಕಿಗೆ ಕಾಯಿತುರಿ, ಉಪ್ಪು, ಚೂರು ಬೆಲ್ಲ, ಮೆಣಸು ಕಿವುಚಿ ಒಗ್ಗರಣೆ ಹಾಕಿದರೆ ಹತ್ತು ನಿಮಿಷದಲ್ಲಿ ಹತ್ತು ಜನಕ್ಕಾಗುತ್ತದೆ. ಇನ್ನೂ ಹೊತ್ತಿದ್ದರೆ ದೋಸೆ: ಅಕ್ಕಿಯ ಜೊತೆ ಮೊಗೆಕಾಯಿ ಅರೆದು ಹುಳಿ ಬರಿಸದೆ ಎರೆಯುವುದು, ಇಲ್ಲವೇ ನೀರುಹಿಟ್ಟನ್ನು ಕಾವಲಿಗೆ ತೆಳ್ಳಗೆ ಹಚ್ಚಿ ಎಬ್ಬಿಸುವ ತೆಳ್ಳೇವು. ಜೋನಿಬೆಲ್ಲ, ತುಪ್ಪದ ಜೊತೆ ತೆಳ್ಳೇವು ಎಷ್ಟು ಇಳಿಯುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಎರೆಯುವವಳು ಒಲೆಯ ಮುಂದಿನಿಂದ ಏಳುವಂತಿಲ್ಲ ಎಂಬುದೊಂದೇ ತೊಡಕು.

ರಾತ್ರಿಯಿಡೀ ನಡೆಯುವ ಯಕ್ಷಗಾನ ಈ ಊಟಕ್ಕೆ ದೊಡ್ಡ ನೆವ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ಮೇಳ ಊರಿಗೆ ಬಂದ ದಿನ ಸಂಜೆಯೇ ಗಂಜಿಗೋ ಅನ್ನಕ್ಕೋ ಒಂದು ಸೇರು ಅಕ್ಕಿ ಹೆಚ್ಚು ಬೀಳುತ್ತಿತ್ತು. ದೂರದ ನೆಂಟರು ಆಟಕ್ಕೆಂದು ಬರುತ್ತಾರೆ, ಉಂಡು ಹೋಗುತ್ತಾರೆ, ಬೆಳಗಾದ ಮೇಲೆ ಕೆಂಪುಗಣ್ಣಿನಲ್ಲಿ ಮರಳಿ ಬಂದು ಮತ್ತೆ ಉಣ್ಣುತ್ತಾರೆ. ಮೀನು, ಕೋಳಿ ತಿನ್ನುವ ಮನೆಗಳಲ್ಲಿ ನೆಂಟರಿಗೆ ನಾಟಿಕೋಳಿ ಸಾರು, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು.

ಭಟ್ಕಳದಲ್ಲಿ ಕೂಟದ ರುಚಿಯೇ ಬದಲಾಗುತ್ತದೆ. ಅರಬ್ ವ್ಯಾಪಾರಿಗಳ ಮೂಲ ಹೇಳುವ ನವಾಯತರ ಮನೆಮಾತು ಕೊಂಕಣಿಯ ಒಂದು ಬಗೆ, ಬರೆಯುವುದು ಪರ್ಶಿಯನ್-ಅರಬ್ಬಿ ಲಿಪಿಯಲ್ಲಿ. ಅಡುಗೆಯಲ್ಲೂ ಕರಾವಳಿಯ ಕಾಯಿ-ಅಕ್ಕಿ, ಆಚೆದಡದ ಮಾಂಸದ ಅಡುಗೆ ಎರಡೂ ಕೂಡಿವೆ. ಭಟ್ಕಳ ಬಿರಿಯಾನಿಯಲ್ಲಿ ಮಸಾಲೆಯ ಭಾರವೆಲ್ಲ ಮಾಂಸದ ಮೇಲೆ. ಧಾರಾಳ ಈರುಳ್ಳಿ ಬಾಡಿಸಿ ಹಸಿಮೆಣಸು ಹಾಕಿ ಮಾಡಿದ ಆ ಪದರದ ಮೇಲೆ ಬೇರೆಯಾಗಿ ಬೆಂದ ಅನ್ನ ಹರಡುತ್ತಾರೆ. ಖಾರ ಬೇಡದ ಮಕ್ಕಳಿಗೆ, ಮುದುಕರಿಗೆ ಮೇಲಿನ ಅನ್ನ, ಬೇಕಾದವರಿಗೆ ತಳದ ಮಸಾಲೆ. ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ನಡೆಯುತ್ತದೆ. ಅನ್ನದ ಬದಲು ಶಾವಿಗೆ ಹಾಕಿದ ಶೈಯೊ ಬಿರಿಯಾನಿ ಈ ಊರಿನದೇ ವಿಶೇಷ. ಆದರೆ ಮನೆಮಂದಿ ಮಾತ್ರ ಇದ್ದ ದಿನ ಒಲೆ ಏರುವುದು ಮುಡ್ಕುಳೆ: ಅಕ್ಕಿಹಿಟ್ಟಿನ ಸಣ್ಣ ಉಂಡೆಗಳನ್ನು ಮಾಂಸದ ಅಥವಾ ಶೆಟ್ಲಿಯ ಸಾರಿನಲ್ಲೇ ಬೇಯಿಸುವುದು. ಅನ್ನ ಬೇರೆ, ಸಾರು ಬೇರೆ ಎಂಬ ತಾಪತ್ರಯವಿಲ್ಲ. ದೊಡ್ಡ ಔತಣಗಳಲ್ಲಿ ಒಂದೇ ತಾಟಿನ ಸುತ್ತ ನಾಲ್ಕಾರು ಜನ ಕೂತು ಉಣ್ಣುವ ಪದ್ಧತಿಯೂ ಇಲ್ಲಿನದು.

ಊರು ಬಿಟ್ಟು ಹೋಗುವುದು ಈ ಮೂರು ಪಟ್ಟಣಗಳಿಗೆ ಹೊಸದಲ್ಲ. 1862ರಲ್ಲಿ ಈ ಪಟ್ಟಣಗಳಿರುವ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಕುಮಟಾ, ಹೊನ್ನಾವರದ ಸಾರಸ್ವತರು ಮುಂಬಯಿಗೆ ಹೋಗಿ ನೆಲೆಸಿದರು, ನವಾಯತರು ಕೊಲ್ಲಿ ದೇಶಗಳಿಗೆ ಹೋದರು, ಹವ್ಯಕರ ಮಕ್ಕಳು ಬೆಂಗಳೂರಿಗೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಹೋಗಿಬರುವುದು ಸುಲಭವಾಯಿತು. ಮಿಡಿ, ಹಪ್ಪಳ, ಒಣಶೆಟ್ಲಿ, ಮುರುಗಲ ಸಿಪ್ಪೆಯ ಗಂಟುಗಳು ಸೀಟಿನಡಿ ಪ್ರಯಾಣ ಮಾಡತೊಡಗಿದವು. ಊರಿನಲ್ಲೂ ಬಹಳಷ್ಟು ಬದಲಾಗಿದೆ. ಗಜನಿಗಳಲ್ಲಿ ಸಿಗಡಿ ಸಾಕಣೆ ಹೆಚ್ಚಿ ಕಗ್ಗ ಮಾಣಿಕಟ್ಟಾದಂಥ ಕೆಲವೇ ಊರುಗಳಲ್ಲಿ ಉಳಿದಿದೆ. ಕುಕ್ಕರಿನಲ್ಲಿ ಕೂಗಿಸಿದ ಕುಚ್ಚಲಕ್ಕಿಗೆ ಕೆಂಡದ ಗಂಜಿಯ ಹದವಿಲ್ಲ ಎನ್ನುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ಒಲೆ ಊದಿದವರಲ್ಲ. ಮಿಕ್ಸರಿನ ಬಗ್ಗೆ ಅಂಥ ದೂರು ಹೆಂಗಸರ ಬಾಯಲ್ಲಿ ಕೇಳಿಬರುವುದಿಲ್ಲ.

ಹೊರಗಿನ ಅಡುಗೆಮನೆಗಳಲ್ಲಿ ಇದೇ ಊಟ ಸಿಕ್ಕ ಸಾಮಾನಿಗೆ ಹೊಂದಿಕೊಂಡಿದೆ. ಒಂದೆಲಗ ಸಿಗದ ಕಡೆ ಪಾಲಕ್ ತಂಬುಳಿ. ದೊಡ್ಡಪತ್ರೆಯನ್ನು ಬಾಲ್ಕನಿಯ ಕುಂಡದಲ್ಲಿ ನೆಟ್ಟುಕೊಳ್ಳುವುದು ಈಗ ಸಾಮಾನ್ಯ. ಅಪ್ಪೆಮಾವಿನ ಬದಲು ಪೇಟೆಯ ತೋತಾಪುರಿ ಕಾಯಿ, ಪರಿಮಳವಿಲ್ಲ, ಹುಳಿಗೆ ಅಡ್ಡಿಯಿಲ್ಲ. ಮೊಗೆಕಾಯಿ ದೋಸೆ ಸಾದಾ ಸೌತೆಯಲ್ಲೂ ಆಗುತ್ತದೆ. ಬಂಗಡೆ ಮಂಜುಗಡ್ಡೆಯಲ್ಲಿ ಬರುತ್ತದೆ, ಮುರುಗಲ ಸಿಪ್ಪೆ ಕೋಕಂ ಎಂಬ ಹೆಸರಿನಲ್ಲಿ ಪೊಟ್ಟಣಗಳಲ್ಲಿ ಸಿಗುತ್ತದೆ. ಜುಮ್ಮನಕಾಯಿ ಮಾತ್ರ ಈಗಲೂ ಊರಿನಿಂದಲೇ ತರಿಸಿಕೊಳ್ಳಬೇಕು. ಒಣಗಿಸಿದ್ದನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಮುಂದಿನ ರಜೆಯವರೆಗೆ ಬರುತ್ತದೆ.